ಜೋಂಬಿ ಆಟದಲ್ಲಿ ಪ್ರಾಣ ಕೊಡುವವರು ಯಾರು? ಮೇಜಿನ ಸುತ್ತ ಮುನಿಸು ಬಾರದಂತೆ ಆಡುವ ಸಮಗ್ರ ಮಾರ್ಗದರ್ಶಿ

ಕರಾವಳಿಯಲ್ಲಿ ಜೂನ್ ಬಂತೆಂದರೆ ಸಂಜೆಯ ಹೊರಗಿನ ಆಟಗಳೆಲ್ಲ ಮುಗಿದ ಹಾಗೆಯೇ. ಹಿಂದೆ ಆಟಿ ತಿಂಗಳ ಮಳೆಯಲ್ಲಿ ಮನೆಯ ಚಾವಡಿಯಲ್ಲಿ ಚೆನ್ನೆಮಣೆ ಆಡುತ್ತಿದ್ದರು. ಈಗ ಮಂಗಳೂರಿನ ಬಿಜೈಯ ಫ್ಲ್ಯಾಟಿನಲ್ಲೋ, ಸುರತ್ಕಲ್, ಮಣಿಪಾಲದ ಹಾಸ್ಟೆಲ್ ರೂಮಿನಲ್ಲೋ ನಾಲ್ಕೈದು ಜನ ಸೇರಿ ದೊಡ್ಡ ಡಬ್ಬ ಬಿಚ್ಚುತ್ತಾರೆ. ಪಕ್ಕದಲ್ಲಿ ಗೋಳಿಬಜೆ, ಮೇಜಿನ ಮೇಲೆ ನೂರಾರು ಜೋಂಬಿ ಬೊಂಬೆಗಳು.

ಈ ಆಟಗಳಲ್ಲಿ ಹೆಚ್ಚಿನವು ಸಹಕಾರಿ ಆಟಗಳು. ಗೆದ್ದರೆ ಎಲ್ಲರೂ ಗೆದ್ದ ಹಾಗೆ, ಸೋತರೆ ಎಲ್ಲರೂ ಸೋತ ಹಾಗೆ. ಎದುರಾಳಿ ಮನುಷ್ಯರಲ್ಲ, ಕಾರ್ಡಿನ ಕಟ್ಟು. ಹಾಗಾದರೆ ಜಗಳಕ್ಕೆ ಜಾಗವೇ ಇಲ್ಲ ಅಲ್ವಾ? ಉಂಟು ಮಾರಾಯ್ರೆ. ಆಟ ಅರ್ಧ ದಾಟಿದ ಮೇಲೆ "ನಿನ್ನವನು ಅಲ್ಲೇ ನಿಂತು ಸಾಯಲಿ, ನಾವು ನಾಲ್ಕು ಜನ ಪಾರಾಗ್ತೇವೆ" ಎಂದು ಯಾರಾದರೂ ಹೇಳುತ್ತಾರೆ. ಆ ಮಾತಿನಿಂದ ಮುನಿಸು ಶುರುವಾಗುತ್ತದೆ. ಹಾಗೆ ಸಾಯಲು ನಿಯಮ ಬಿಡುತ್ತದೋ ಇಲ್ಲವೋ ಎಂಬ ವಾದ ಅದರ ಬೆನ್ನಿಗೇ ಬರುತ್ತದೆ.

ನನ್ನ ನಿಲುವನ್ನು ಮೊದಲೇ ಹೇಳುತ್ತೇನೆ. ಪಾತ್ರ ಯಾರ ಕೈಯಲ್ಲಿದೆಯೋ ಅದರ ಸಾವಿನ ತೀರ್ಮಾನವೂ ಅವರದ್ದೇ. ಉಳಿದವರು ಲೆಕ್ಕ ಹೇಳಬಹುದು, ಅಪ್ಪಣೆ ಕೊಡಬಾರದು. ಇದನ್ನು ಮೇಜಿನ ಮೇಲೆ ನಿಜವಾಗಿ ಪಾಲಿಸುವುದು ಹೇಗೆ ಎಂದು ಒಂದೊಂದೇ ಹಂತವಾಗಿ ನೋಡೋಣ. ಹೆಚ್ಚಿನ ಉದಾಹರಣೆಗಳು ಎರಡು ಆಟಗಳಿಂದ ಬಂದವು: ಜೋಂಬಿಸೈಡ್ (ಮೊದಲ ಆವೃತ್ತಿ 2012) ಮತ್ತು ಡೆಡ್ ಆಫ್ ವಿಂಟರ್ (2014).

ಹಂತ 1: ನಿಮ್ಮ ಆಟದಲ್ಲಿ ಒಂದು ಸಾವಿನ ಬೆಲೆ ಎಷ್ಟು ಎಂದು ತಿಳಿದುಕೊಳ್ಳಿ

ಎಲ್ಲ ಜೋಂಬಿ ಆಟಗಳಲ್ಲೂ ಸಾವಿನ ಬೆಲೆ ಒಂದೇ ಅಲ್ಲ. ಇದು ಗೊತ್ತಿಲ್ಲದೆ ತ್ಯಾಗದ ಮಾತು ಆಡುವುದು ಸುಮ್ನೆ ಭಾವುಕತೆ.

ಜೋಂಬಿಸೈಡ್‌ನ ಮೊದಲ ಆವೃತ್ತಿಯಲ್ಲಿ ಆರು ಪಾತ್ರಗಳು. ಆರು ಜನ ಇದ್ದರೆ ಒಬ್ಬರಿಗೆ ಒಂದು, ಮೂರು ಜನ ಇದ್ದರೆ ಒಬ್ಬರಿಗೆ ಎರಡು. ಪ್ರತಿ ಪಾತ್ರಕ್ಕೆ ಆರಂಭದಲ್ಲಿ ಒಂದು ಸುತ್ತಿನಲ್ಲಿ ಮೂರು ಆ್ಯಕ್ಷನ್ (ನಡೆಯುವುದು, ಹೊಡೆಯುವುದು ಇಂಥ ಕೆಲಸ). ಅಂದರೆ ತಂಡಕ್ಕೆ ಒಟ್ಟು 18. ಒಬ್ಬ ಸತ್ತರೆ 15. ಅವನ ಕೈಯಲ್ಲಿದ್ದ ಸಾಮಾನೂ ಅವನ ಜೊತೆಗೇ ಹೋಗುತ್ತದೆ. ಒಬ್ಬರಿಗೆ ಒಂದೇ ಪಾತ್ರವಾದರೆ ಸತ್ತವರು ಉಳಿದ ಒಂದು ಗಂಟೆ ಕೈಕಟ್ಟಿ ಕೂರಬೇಕು. ಈ ಕೊನೆಯ ಬೆಲೆ ರೂಲ್‌ಬುಕ್ಕಿನ ಯಾವ ಪುಟದಲ್ಲೂ ಇರುವುದಿಲ್ಲ. ಆದರೆ ಜಗಳಕ್ಕೆ ನಿಜವಾದ ಕಾರಣ ಜಾಸ್ತಿ ಇದೇ.

ಡೆಡ್ ಆಫ್ ವಿಂಟರ್‌ನಲ್ಲಿ ಒಬ್ಬೊಬ್ಬರಿಗೂ ಎರಡು ಪಾತ್ರಗಳಿಂದ ಶುರು. ಒಂದು ಪಾತ್ರ ಸತ್ತರೆ ಇಡೀ ವಸತಿಯ ಮನೋಬಲ ಒಂದು ಅಂಕ ಇಳಿಯುತ್ತದೆ. ಮನೋಬಲ ಸೊನ್ನೆಗೆ ಬಂದರೆ ಆಟ ಮುಗಿಯಿತು. ಹಾಗಾಗಿ ಇಲ್ಲಿ ಯಾರ ಸಾವೂ ಅವರ ಖಾಸಗಿ ವಿಷಯ ಅಲ್ಲ. ಇನ್ನೊಂದು ಕಡೆ, ವಸತಿಯಲ್ಲಿರುವ ಪ್ರತಿ ಇಬ್ಬರಿಗೆ ಪ್ರತಿ ಸುತ್ತಿನಲ್ಲಿ ಒಂದು ಊಟದ ಟೋಕನ್ ತೆರಬೇಕು. ಬಾಯಿ ಕಡಿಮೆಯಾದರೆ ಊಟ ಉಳಿಯುತ್ತದೆ ಎಂದು ವಾದಿಸುವವರು ಪ್ರತಿ ಮೇಜಿನಲ್ಲೂ ಒಬ್ಬರಾದರೂ ಇರುತ್ತಾರೆ. ಲೆಕ್ಕ ಮೇಲ್ನೋಟಕ್ಕೆ ಸರಿ. ಆದರೆ ಇಬ್ಬರಿಗೆ ಒಂದು ಎಂಬುದನ್ನು ಮೇಲಕ್ಕೆ ಪೂರ್ಣಗೊಳಿಸುತ್ತಾರೆ. ಎಂಟು ಜನರಿಗೂ ನಾಲ್ಕು, ಏಳು ಜನರಿಗೂ ನಾಲ್ಕು. ಒಂದು ಟೋಕನ್ನೂ ಉಳಿಯದೆ ಮನೋಬಲ ಮಾತ್ರ ಹೋದ ಹಾಗಾಯಿತು.

ಹಂತ 2: ಡಬ್ಬದ ಆವೃತ್ತಿ ಯಾವುದು, ಮಿಷನ್ ಏನು ಕೇಳುತ್ತದೆ ನೋಡಿ

ನಾನು ಕಂಡ ನಿಯಮದ ಜಗಳಗಳಲ್ಲಿ ಅರ್ಧಕ್ಕೂ ಹೆಚ್ಚು ಆವೃತ್ತಿಯ ಗೊಂದಲ. ಹಳೆಯ ಆಟಗಾರರ ತಲೆಯಲ್ಲಿ ಮೊದಲ ಆವೃತ್ತಿ ಕೂತಿರುತ್ತದೆ, ಮೇಜಿನ ಮೇಲೆ ಎರಡನೆಯದು ಇರುತ್ತದೆ. ಜೋಂಬಿಸೈಡ್‌ನ ಮೊದಲ ಆವೃತ್ತಿಯಲ್ಲಿ ಎರಡು ಗಾಯಕ್ಕೆ ಸಾವು. ಎರಡನೇ ಆವೃತ್ತಿಯಲ್ಲಿ ಮೂರು. "ಇನ್ನೊಂದು ಏಟು ತಿಂದ್ರೆ ನಾನು ಹೋದೆ" ಎಂದು ಒಬ್ಬರು ಕಣ್ಣೀರು ಹಾಕುತ್ತಿದ್ದರೆ ಇನ್ನೊಬ್ಬರು "ಎಂತ ಹೋದೆ, ಇನ್ನೂ ಎರಡು ಉಂಟು" ಎನ್ನುತ್ತಾರೆ. ಇಬ್ಬರೂ ತಮ್ಮ ತಮ್ಮ ಪುಸ್ತಕಕ್ಕೆ ಸರಿಯಾಗಿಯೇ ಮಾತಾಡುತ್ತಿರುತ್ತಾರೆ.

ಸ್ನೇಹಿತನಿರುವ ಝೋನ್‌ಗೆ (ಬೋರ್ಡಿನ ಒಂದು ಕೋಣೆ ಅಥವಾ ರಸ್ತೆಯ ಒಂದು ತುಂಡು) ಗುಂಡು ಹೊಡೆಯುವ ನಿಯಮದಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು. ಮೊದಲ ಆವೃತ್ತಿಯಲ್ಲಿ ಗುರಿ ಮುಟ್ಟಿದ ಏಟುಗಳು ಮೊದಲು ಸ್ನೇಹಿತನಿಗೇ ತಾಗುತ್ತವೆ, ಜೋಂಬಿಗಳ ಸರದಿ ಆಮೇಲೆ. ಎರಡನೆಯದರಲ್ಲಿ ಗುರಿ ತಪ್ಪಿದ ಏಟುಗಳು ಅವನಿಗೆ ಬೀಳುತ್ತವೆ. "ನನ್ನ ಬಗ್ಗೆ ಯೋಚಿಸಬೇಡಿ, ಹೊಡೀರಿ" ಎಂದು ಎದೆ ಕೊಡುವ ಮೊದಲು ಯಾವ ಪುಸ್ತಕದ ಪ್ರಕಾರ ಎದೆ ಕೊಡುತ್ತಿದ್ದೀರಿ ಎಂದು ನೋಡಿಕೊಳ್ಳಿ. ಒಂದರಲ್ಲಿ ಒಳ್ಳೆಯ ಗುರಿಕಾರ ನಿಮ್ಮನ್ನು ಕೊಲ್ಲುತ್ತಾನೆ, ಇನ್ನೊಂದರಲ್ಲಿ ಕೆಟ್ಟ ಗುರಿಕಾರ.

ಮಿಷನ್ ಹಾಳೆಯನ್ನು ಆಟದ ಮೊದಲು ಒಬ್ಬರು ಗಟ್ಟಿಯಾಗಿ ಓದಲಿ. ಗೆಲ್ಲುವ ಷರತ್ತು, ಸೋಲುವ ಷರತ್ತು ಎರಡನ್ನೂ. ಎಲ್ಲರೂ ಬದುಕಿ ಹೊರಗೆ ಹೋಗಬೇಕು ಎಂದಿದ್ದರೆ ತ್ಯಾಗದ ದಾರಿ ಅಲ್ಲಿಗೇ ಮುಚ್ಚಿತು. ಮತ್ತೆ ಆ ಚರ್ಚೆ ಎತ್ತುವುದೇ ಬೇಡ.

ಹಂತ 3: ಡೈಸ್ ಮುಟ್ಟುವ ಮೊದಲು ನಾಲ್ಕು ಮಾತು ಇತ್ಯರ್ಥ ಮಾಡಿ

ಇದಕ್ಕೆ ಐದು ನಿಮಿಷ ಸಾಕು. ಚಹಾ ಬರುವ ಮೊದಲು ಮುಗಿಯುತ್ತದೆ.

ಮೊದಲನೆಯದು, ಬೇರೆಯವರ ಪಾತ್ರಕ್ಕೆ ಸಾವು ಸೂಚಿಸಬಹುದೇ? ಸೂಚಿಸಬಾರದು ಎಂದು ನಾನು ಹೇಳುತ್ತೇನೆ. "ಆ ಬಾಗಿಲಿನಲ್ಲಿ ಒಬ್ಬರು ನಿಲ್ಲದಿದ್ದರೆ ಮುಂದಿನ ಸುತ್ತಿನಲ್ಲಿ ಇಬ್ಬರು ಹೋಗುತ್ತಾರೆ" ಎನ್ನಬಹುದು. ಅದು ಲೆಕ್ಕ. "ನೀನು ನಿಲ್ಲು" ಎನ್ನಬಾರದು. ಅದು ಅಪ್ಪಣೆ.

ನಮ್ಮ ಕಡೆ ಇದನ್ನು ಬಾಯಿ ಬಿಟ್ಟು ಹೇಳಲೇಬೇಕು. ಮೇಜಿನಲ್ಲಿ ಅಣ್ಣ, ಭಾವ, ಸೀನಿಯರ್ ಅಂತ ಯಾರಾದರೂ ಇರುತ್ತಾರೆ. ಅವರು "ಹೋಗ್ಲಿ ಬಿಡು ತಮ್ಮಾ, ನಿನ್ನದನ್ನು ಕೊಡು" ಎಂದರೆ ಹುಡುಗ ಇಲ್ಲ ಎನ್ನುವುದಿಲ್ಲ. ಪ್ರತಿ ಸಲ ಬಲಿಯಾಗುವುದು ಮನೆಯ ಕಿರಿಯರು ಅಥವಾ ಅಂದು ಮೊದಲ ಸಲ ಬಂದವರು. ಅದನ್ನು ತ್ಯಾಗ ಎಂದು ಕರೆಯಲಿಕ್ಕೆ ಬಾಯಿ ಬರುವುದಿಲ್ಲ. ಹೀಗೆ ಎಲ್ಲರ ಪಾತ್ರವನ್ನೂ ತಾನೇ ಆಡಿಸುವವರಿಗೆ ಬೋರ್ಡ್ ಗೇಮ್ ಆಡುವವರು ಆಲ್ಫಾ ಪ್ಲೇಯರ್ ಎನ್ನುತ್ತಾರೆ. 2008ರ ಪ್ಯಾಂಡೆಮಿಕ್‌ನಂತಹ ಆಟಗಳಲ್ಲೂ ಇದೇ ರೋಗ. ಆದರೆ ಅಲ್ಲಿ ಹೆಚ್ಚೆಂದರೆ ನಿಮ್ಮನ್ನು ಬೇರೆ ಊರಿಗೆ ಕಳಿಸುತ್ತಾರೆ. ಇಲ್ಲಿ ಮೇಲಕ್ಕೇ ಕಳಿಸುತ್ತಾರೆ.

ಎರಡನೆಯದು, ಅಪಾಯದ ಮಟ್ಟ ಇಳಿಸಲಿಕ್ಕೆಂದೇ ಸಾಯಬಹುದೇ? ಇದು ಜೋಂಬಿಸೈಡ್‌ನ ದೊಡ್ಡ ತಕರಾರು, ಹಂತ 5ರಲ್ಲಿ ವಿವರವಾಗಿ ಬರುತ್ತದೆ. ಈಗ ಬೇಕಾದ್ದು ಹೌದು ಅಥವಾ ಇಲ್ಲ ಎಂಬ ಉತ್ತರ ಮಾತ್ರ.

ಮೂರನೆಯದು, ಸತ್ತವರು ಮುಂದೆ ಎಂತ ಮಾಡುವುದು?

ನಾಲ್ಕನೆಯದು, ಯಾರಿಗೆ ಎಷ್ಟು ಗಂಟೆಗೆ ಹೊರಡಬೇಕು? ನಗಬೇಡಿ. ಉಡುಪಿಯ ಕಡೇ ಬಸ್ ಹಿಡಿಯಲು ತನ್ನ ಪಾತ್ರವನ್ನು ಜೋಂಬಿ ಗುಂಪಿನ ಮಧ್ಯೆ ನುಗ್ಗಿಸಿ "ನಾನು ಪ್ರಾಣ ಕೊಟ್ಟೆ, ನೀವು ಗೆಲ್ಲಿ" ಎಂದು ಚಪ್ಪಲಿ ಹಾಕುವವರನ್ನು ನೋಡಿದ್ದೇನೆ. ತಂಡದ ಮೂರು ಆ್ಯಕ್ಷನ್ ಅವರ ಜೊತೆ ಬಸ್ ಹತ್ತಿತು. ಮೊದಲೇ ಹೇಳಿದ್ದರೆ ಆ ಪಾತ್ರವನ್ನು ಇನ್ನೊಬ್ಬರಿಗೆ ವಹಿಸಿ ಹೋಗಬಹುದಿತ್ತು.

ಹಂತ 4: ಆ ಗಳಿಗೆ ಬಂದಾಗ, ಸಾಯಲೇಬೇಕೇ ಎಂದು ಲೆಕ್ಕ ಹಾಕಿ

ಬರಿಯ ಸಿನಿಮಾ ಹುರುಪಿನಲ್ಲಿ ಬಹಳ ಜನ ಬೇಗ ಸಾಯುತ್ತಾರೆ. ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಜೋಂಬಿಸೈಡ್ ಮೊದಲ ಆವೃತ್ತಿ. ನಿಮ್ಮ ಪಾತ್ರ ಹಳದಿ ಮಟ್ಟದಲ್ಲಿದೆ, ಅಂದರೆ ಜೋಂಬಿ ಕೊಂದು ಏಳು ಅಂಕ ದಾಟಿದೆ. ಹಾಗಾಗಿ ನಾಲ್ಕು ಆ್ಯಕ್ಷನ್ ಉಂಟು. ಕೈಯಲ್ಲಿ ಒಂದು ಮಾಲೊಟೊವ್, ಅಂದರೆ ಪೆಟ್ರೋಲ್ ಬಾಂಬ್. ಅದು ಬಿದ್ದ ಝೋನ್‌ನಲ್ಲಿ ಜೋಂಬಿ, ಮನುಷ್ಯ, ಅಬಾಮಿನೇಶನ್ ಎಂಬ ದೈತ್ಯ ಜೋಂಬಿ, ಯಾರೂ ಉಳಿಯುವುದಿಲ್ಲ. ನೀವು ನಿಂತ ಝೋನ್‌ನಲ್ಲೇ ನಾಲ್ಕು ಜೋಂಬಿಗಳು. ಅದನ್ನು ಕಾಲಬುಡಕ್ಕೇ ಎಸೆದು ಅವುಗಳ ಜೊತೆ ಸಾಯೋಣ ಎಂದು ಹೊರಟಿದ್ದೀರಿ.

ಮೊದಲ ಪ್ರಶ್ನೆ: ಹೊರಗೆ ಬರಲು ಆಗುತ್ತದೆಯೇ? ಝೋನ್ ಬಿಡಲು ಒಂದು ಆ್ಯಕ್ಷನ್, ಜೊತೆಗೆ ಅಲ್ಲಿರುವ ಪ್ರತಿ ಜೋಂಬಿಗೆ ಇನ್ನೊಂದು. ಒಟ್ಟು ಐದು. ನಿಮ್ಮಲ್ಲಿ ನಾಲ್ಕೇ. ಆಗುವುದಿಲ್ಲ. ಆದರೆ ಮೊದಲ ಆ್ಯಕ್ಷನ್‌ನಲ್ಲಿ ಕೊಡಲಿ ಬೀಸಿ ಒಂದನ್ನು ಕೊಂದರೆ? ಮೂರು ಜೋಂಬಿ ಉಳಿದವು, ಹೊರಬರಲು ನಾಲ್ಕು ಬೇಕು, ಕೈಯಲ್ಲಿ ಮೂರು. ಇಲ್ಲೂ ಇಲ್ಲ. ಎರಡನ್ನು ಎರಡು ಆ್ಯಕ್ಷನ್‌ನಲ್ಲಿ ಕೊಂದರೂ ಹಾಗೆಯೇ, ಯಾವಾಗಲೂ ಒಂದು ಕಡಿಮೆ. ಒಂದೇ ಏಟಿಗೆ ಎರಡು ಜೋಂಬಿ ಬೀಳಿಸುವ ಆಯುಧ ಇದ್ದರೆ ಮಾತ್ರ ದಾರಿ ತೆರೆಯುತ್ತದೆ: ಒಂದು ಆ್ಯಕ್ಷನ್‌ಗೆ ಎರಡು ಹೋದವು, ಉಳಿದ ಎರಡನ್ನು ದಾಟಲು ಮೂರು, ಒಟ್ಟು ನಾಲ್ಕು. ಡೈಸ್ ಒಲಿಯಬೇಕು ಅಷ್ಟೇ. ಸ್ಲಿಪರಿ ಎಂಬ ಕೌಶಲ ಇದ್ದರೆ ಈ ಹೆಚ್ಚುವರಿ ಆ್ಯಕ್ಷನ್ ಏನೂ ಬೇಡ, ಸುಮ್ನೆ ನಡೆದು ಬರಬಹುದು.

ಎರಡನೇ ಪ್ರಶ್ನೆ: ಪಕ್ಕದ ಝೋನ್‌ನಿಂದ ಆ ಕೆಲಸ ಆಗುತ್ತದೆಯೇ? ಮಾಲೊಟೊವ್‌ನ ದೂರ ಸೊನ್ನೆ ಅಥವಾ ಒಂದು. ಹೊರಗೆ ಬಂದು ಹಿಂದಕ್ಕೆ ಎಸೆದರೂ ಅಷ್ಟೇ ಫಲ. ಹಾಗಾಗಿ ಜೋಂಬಿಗಳು ಇನ್ನೂ ಪಕ್ಕದ ಝೋನ್‌ನಲ್ಲಿರುವಾಗಲೇ ಎಸೆದಿದ್ದರೆ ಯಾರೂ ಸಾಯಬೇಕಿರಲಿಲ್ಲ. ಕಾರ್ಡು ಉಳಿಸಿಕೊಳ್ಳೋಣ ಎಂಬ ಜಿಪುಣತನ ಕೊನೆಗೆ ಮನುಷ್ಯನ ತಲೆಗೆ ಬರುತ್ತದೆ.

ಮೂರನೇ ಪ್ರಶ್ನೆ: ಬರಿಯ ಗದ್ದಲದಿಂದ ಕೆಲಸ ಆಗುತ್ತದೆಯೇ? ಕಣ್ಣಿಗೆ ಯಾರೂ ಬೀಳದಿದ್ದರೆ ಜೋಂಬಿಗಳು ಹೆಚ್ಚು ಸದ್ದಿರುವ ಕಡೆ ಹೋಗುತ್ತವೆ. ಒಂದು ಆ್ಯಕ್ಷನ್ ಖರ್ಚು ಮಾಡಿ ಬೇಕೆಂದೇ ಸದ್ದು ಮಾಡಬಹುದು. ಗಾಳದ ಹುಳುವಿನ ಆಸೆ ತೋರಿಸಿದ ಹಾಗೆ ಅವುಗಳನ್ನು ನಿಮ್ಮ ಕಡೆ ಎಳೆದು, ಮುಂದಿನ ಸುತ್ತಿನಲ್ಲಿ ಬಾಗಿಲು ದಾಟಿ ಓಡಬಹುದು. ರನ್ನರ್ ಎಂಬ ವೇಗದ ಜೋಂಬಿಗಳು ಗುಂಪಿನಲ್ಲಿದ್ದರೆ ಈ ಆಸೆ ಬೇಡ. ಅವು ಒಂದು ಸುತ್ತಿನಲ್ಲಿ ಎರಡು ಸಲ ಚಲಿಸುತ್ತವೆ.

ನಾಲ್ಕನೆಯದು ಗಾಯ ಹಂಚುವ ನಿಯಮ. ಇದನ್ನು ಹೊಸಬರು ಗಮನಿಸುವುದೇ ಇಲ್ಲ. ಒಂದೇ ಝೋನ್‌ನಲ್ಲಿ ಎರಡು ಮೂರು ಪಾತ್ರ ಇದ್ದರೆ ಜೋಂಬಿಗಳು ಕೊಟ್ಟ ಗಾಯಗಳನ್ನು ಯಾರಿಗೆ ಎಷ್ಟು ಎಂದು ಆಟಗಾರರೇ ಹಂಚಿಕೊಳ್ಳಬಹುದು. ಜೋಂಬಿ ಏಟು ತಪ್ಪುವುದೇ ಇಲ್ಲ, ಡೈಸ್ ಇಲ್ಲ. ಎರಡು ಜೋಂಬಿ ಅಂದರೆ ಎರಡು ಗಾಯ. ಒಬ್ಬರೇ ತಿಂದರೆ ಸಾವು. ಇಬ್ಬರು ಒಂದೊಂದು ತಿಂದರೆ ಇಬ್ಬರೂ ಬದುಕುತ್ತಾರೆ, ಒಂದೊಂದು ಸಾಮಾನು ಹೋಗುತ್ತದೆ ಅಷ್ಟೇ. ಸಾಯುವ ತ್ಯಾಗಕ್ಕಿಂತ ಈ ಗಾಯದ ತ್ಯಾಗ ನನಗೆ ಜಾಸ್ತಿ ಇಷ್ಟ. ಚಪ್ಪಾಳೆ ಸಿಗುವುದಿಲ್ಲ, ಆದರೆ ಆಟ ಉಳಿಯುತ್ತದೆ.

ಇಷ್ಟೂ ಪ್ರಶ್ನೆಗೆ ಇಲ್ಲ ಎಂದು ಬಂದರೆ ಮಾತ್ರ ಸಾಯುವ ಮಾತು. ಆಗಲೂ ಒಂದು ಕೆಲಸ ಬಾಕಿ ಉಂಟು: ಸಾಮಾನು ದಾಟಿಸುವುದು. ಕೊಡಲು ಒಂದು ಆ್ಯಕ್ಷನ್ ಬೇಕು, ಇಬ್ಬರೂ ಒಂದೇ ಝೋನ್‌ನಲ್ಲಿರಬೇಕು. ನಾಲ್ಕು ಜೋಂಬಿಗಳ ನಡುವೆ ನಿಂತು "ಬಾ, ಬಂದೂಕು ತಗೊ" ಎಂದರೆ ಬಂದವನೂ ಸಿಕ್ಕಿಬೀಳುತ್ತಾನೆ. ಆದ್ದರಿಂದ ಹಿಂಬದಿ ಕಾಯುವ ಪಾತ್ರ ಯಾವುದು ಎಂದು ಒಂದು ಸುತ್ತು ಮೊದಲೇ ಗೊತ್ತಾದರೆ ಒಳ್ಳೆಯ ಆಯುಧ ಆಗಲೇ ಕೈ ಬದಲಾಗಲಿ.

ಕೊನೆಗೆ ಒಬ್ಬರು "ನನ್ನದನ್ನು ಕೊಡ್ತೇನೆ" ಎಂದರೆ ಉಳಿದವರು ಒಂದೇ ಸಲ "ಖಂಡಿತವಾ?" ಎಂದು ಕೇಳಲಿ. ಹತ್ತು ಸಲ ಬೇಡ. ಯಾರೂ ಹಾಗೆ ಹೇಳದಿದ್ದರೆ ಆಟ ಮುಂದುವರಿಯಲಿ. ಸೋತರೆ ಎಲ್ಲರೂ ಒಟ್ಟಿಗೆ ಸೋಲುತ್ತಾರೆ. ಅದು ಕೂಡ ಸಹಕಾರವೇ.

ಹಂತ 5: ಮಟ್ಟ ಇಳಿಸಲು ಸಾಯುವ ತಕರಾರು

ಜೋಂಬಿಸೈಡ್‌ನಲ್ಲಿ ಜೋಂಬಿ ಕೊಂದಷ್ಟೂ ಅಂಕ. ಶುರುವಿಗೆ ನೀಲಿ ಮಟ್ಟ, ಏಳಕ್ಕೆ ಹಳದಿ, 19ಕ್ಕೆ ಕಿತ್ತಳೆ, 43ಕ್ಕೆ ಕೆಂಪು. ಮಟ್ಟ ಏರಿದಷ್ಟು ಕೌಶಲ ಸಿಗುತ್ತದೆ. ಆದರೆ ಹೊಸ ಜೋಂಬಿಗಳನ್ನು ತರುವ ಕಾರ್ಡಿನಲ್ಲಿ ನಾಲ್ಕು ಬಣ್ಣದ ಸಾಲುಗಳಿವೆ. ಬದುಕಿರುವ ಪಾತ್ರಗಳಲ್ಲಿ ಅತಿ ಎತ್ತರದ ಮಟ್ಟ ಯಾವುದೋ ಆ ಸಾಲನ್ನೇ ಓದಬೇಕು. ಐದು ಜನ ನೀಲಿಯಲ್ಲಿದ್ದು ಒಬ್ಬ ಕಿತ್ತಳೆಗೆ ಹೋದರೂ ಎಲ್ಲರ ಮೇಲೂ ಕಿತ್ತಳೆಯ ಗುಂಪೇ ಬೀಳುತ್ತದೆ. ಸಾಲದ್ದಕ್ಕೆ ಡಬ್ಬದಲ್ಲಿ ಆ ಜಾತಿಯ ಬೊಂಬೆ ಮುಗಿದಿದ್ದರೆ ಅದೇ ಜಾತಿಯ ಎಲ್ಲ ಜೋಂಬಿಗಳೂ ಇನ್ನೊಮ್ಮೆ ಚಲಿಸುತ್ತವೆ.

ಈಗ ಜಾಣರೊಬ್ಬರಿಗೆ ಹೊಳೆಯುತ್ತದೆ: ಆ ಕಿತ್ತಳೆಯವನು ಸತ್ತರೆ ಕಾರ್ಡು ಮತ್ತೆ ನೀಲಿ ಸಾಲಿಗೆ ಬರುತ್ತದೆ! ಖಾಲಿ ಕೋಣೆಯಲ್ಲಿ ಕ್ಷೇಮವಾಗಿದ್ದವನನ್ನು ಹೊರಗೆ ಕಳಿಸಿ ತಿನ್ನಿಸಿಬಿಡೋಣ. ಒಬ್ಬರು ಇದು ಶುದ್ಧ ಮೋಸ ಎನ್ನುತ್ತಾರೆ. ಇನ್ನೊಬ್ಬರು ಪುಸ್ತಕದಲ್ಲಿ ಎಲ್ಲಿ ಬೇಡ ಎಂದಿದೆ ತೋರಿಸಿ ಎನ್ನುತ್ತಾರೆ.

ನನ್ನ ಪ್ರಕಾರ ಇದು ಮೋಸ ಅಲ್ಲ. ಯಾರ ಕಣ್ಣಿಗೂ ಮಣ್ಣೆರಚಿಲ್ಲ, ಯಾವ ನಿಯಮವನ್ನೂ ಮುರಿದಿಲ್ಲ. ಆದರೆ ಆಟದ ರುಚಿ ಕೆಡಿಸುತ್ತದೆ. ಎಲ್ಲರಿಗಿಂತ ಚೆನ್ನಾಗಿ ಆಡಿದವರಿಗೆ ಕೊಡುವ ಬಹುಮಾನ ಸಾವು ಎಂದಾದರೆ ಮುಂದಿನ ವಾರ ಯಾರು ಚೆನ್ನಾಗಿ ಆಡುತ್ತಾರೆ? ನಾವು ನಮ್ಮ ಮೇಜಿನಲ್ಲಿ ಇಟ್ಟುಕೊಂಡ ಗೆರೆ ಹೀಗೆ. ಬಾಗಿಲು ಕಾಯುತ್ತಾ, ಸ್ನೇಹಿತರನ್ನು ದಾಟಿಸುತ್ತಾ ಸತ್ತರೆ ಮಟ್ಟ ಇಳಿದದ್ದು ಉಪಲಾಭ, ತಕರಾರಿಲ್ಲ. ಮಟ್ಟ ಇಳಿಸುವುದೊಂದೇ ಉದ್ದೇಶವಾದರೆ ಬೇಡ. ನಿಮ್ಮ ಗೆರೆ ಬೇರೆ ಇರಬಹುದು. ಅದನ್ನು ಆಟದ ಮೊದಲೇ ಎಳೆದಿರಬೇಕು ಎಂಬುದಷ್ಟೇ ಮುಖ್ಯ. ನಡುವೆ ಎಳೆದ ಗೆರೆ ಯಾವಾಗಲೂ ಒಬ್ಬರ ಮೂಗಿನ ನೇರಕ್ಕೇ ಇರುತ್ತದೆ.

ನಿಜವಾದ ಪರಿಹಾರ ಇರುವುದು ಒಂದು ಗಂಟೆ ಹಿಂದೆ. ಅಂಕವನ್ನು ಹಂಚಿಕೊಂಡು ಏರಿ. ಒಳ್ಳೆಯ ಬಂದೂಕು ಇರುವವನೇ ಎಲ್ಲ ಕೊಲ್ಲುತ್ತಾ ಹೋದರೆ ಅವನೊಬ್ಬ ಕಿತ್ತಳೆಗೆ ಹಾರುತ್ತಾನೆ, ಉಳಿದವರು ಫ್ರೈಯಿಂಗ್ ಪ್ಯಾನ್ ಹಿಡಿದು ನೀಲಿಯಲ್ಲೇ ನಿಲ್ಲುತ್ತಾರೆ. ವಾಕರ್ ಎಂಬ ನಿಧಾನದ, ಸುಲಭದ ಜೋಂಬಿಗಳನ್ನು ಹಿಂದಿರುವವರಿಗೆ ಬಿಡಿ. ಗುರಿಯ ಟೋಕನ್ ಎತ್ತಿದರೆ ಐದು ಅಂಕ ಬರುತ್ತದೆ, ಅದನ್ನೂ ಹಿಂದುಳಿದವರೇ ಎತ್ತಲಿ. ಆಯುಧ ಕೈಯಿಂದ ಕೈಗೆ ಓಡಾಡಲಿ. ಆರೂ ಜನ ಹತ್ತಿರ ಹತ್ತಿರದಲ್ಲಿ ಏರಿದರೆ ಒಬ್ಬನನ್ನು ಕೊಂದು ಮಟ್ಟ ಇಳಿಸುವ ಆಸೆಯೇ ಹುಟ್ಟುವುದಿಲ್ಲ. ಕೊಂದರೂ ಇಳಿಯುವುದಿಲ್ಲವಲ್ಲ.

ಹಂತ 6: ಜೊತೆಯವರಿರುವ ಝೋನ್‌ಗೆ ಬೆಂಕಿ

ಚಿಕ್ಕ ವಿಷಯ. ಮಾಲೊಟೊವ್ ಎಸೆಯುವ ಝೋನ್‌ನಲ್ಲಿ ಇನ್ನೊಬ್ಬರ ಪಾತ್ರ ಇದ್ದರೆ ಅವರ ಒಪ್ಪಿಗೆ ಬಾಯಿಂದ ಬರಬೇಕು. ತಲೆ ಆಡಿಸಿದ್ದು ಸಾಲದು. ಎಸೆದವರಿಗೆ ಸತ್ತ ಜೋಂಬಿಗಳ ಅಂಕ ಸಿಗುತ್ತದೆ, ಅಬಾಮಿನೇಶನ್ ಇದ್ದರೆ ಅದರ ಐದೂ ಸೇರಿ. ಹಾಗಾಗಿ ಎಸೆಯುವವರ ಉತ್ಸಾಹಕ್ಕೆ ಬೇರೆ ಕಾರಣವೂ ಇರಬಹುದು. ಒಪ್ಪಿಗೆ ಇಲ್ಲದೆ ಎಸೆಯಲು ನಿಯಮ ಬಿಡುತ್ತದೆ. ಹಾಗೆ ಎಸೆದವರನ್ನು ಮತ್ತೆ ಕರೆಯದಿರಲೂ ನಿಮಗೆ ಯಾವ ನಿಯಮದ ಅಡ್ಡಿ ಇಲ್ಲ.

ಹಂತ 7: ಡೆಡ್ ಆಫ್ ವಿಂಟರ್‌ನಲ್ಲಿ ಕಚ್ಚಿಸಿಕೊಂಡಾಗ

ಇಲ್ಲಿ ತ್ಯಾಗ ನಿಯಮದ ಒಳಗೇ ಉಂಟು, ಅದಕ್ಕೇ ಈ ಭಾಗ ನನಗೆ ತುಂಬ ಇಷ್ಟ. ಪಾತ್ರ ಒಂದು ಜಾಗದಿಂದ ಇನ್ನೊಂದಕ್ಕೆ ಹೋದಾಗ ಅಥವಾ ಜೋಂಬಿ ಜೊತೆ ಕಾದಾಡಿದಾಗ 12 ಮುಖದ ಡೈಸ್ ಹಾಕಬೇಕು. ಆರು ಮುಖ ಖಾಲಿ, ಮೂರು ಗಾಯ, ಎರಡು ಹಿಮಗಾಯ, ಒಂದು ಹಲ್ಲು. ಹಲ್ಲು ಬಿದ್ದರೆ ಆ ಪಾತ್ರ ಸತ್ತಿತು, ಮಾತಿಲ್ಲ. ಆಮೇಲೆ ಸೋಂಕು ಅದೇ ಜಾಗದಲ್ಲಿ, ಕಾರ್ಡಿನಲ್ಲಿ ಬರೆದ ಪ್ರಭಾವದ ಅಂಕ ಅತಿ ಕಡಿಮೆ ಇರುವ ಪಾತ್ರಕ್ಕೆ ಹರಡುತ್ತದೆ. ಅದರ ಒಡೆಯರಿಗೆ ಎರಡು ಆಯ್ಕೆ. ಒಂದು, ಪಾತ್ರವನ್ನು ಕೊಂದು ಸೋಂಕು ಅಲ್ಲೇ ನಿಲ್ಲಿಸುವುದು. ಎರಡು, ಡೈಸ್ ಹಾಕುವುದು. ಖಾಲಿ ಬಿದ್ದರೆ ಬದುಕಿದ, ಸೋಂಕೂ ನಿಂತಿತು. ಬೇರೆ ಏನು ಬಿದ್ದರೂ ಸತ್ತ, ಸೋಂಕು ಮುಂದಿನವರಿಗೆ.

"ಕೊಂದುಬಿಡು, ಅಪಾಯ ಬೇಡ" ಎಂದು ಮೇಜಿನ ಸುತ್ತ ಕೂಗು ಏಳುತ್ತದೆ. ತಾಳಿ, ಲೆಕ್ಕ ನೋಡಿ. ಆ ಜಾಗದಲ್ಲಿ ಉಳಿದದ್ದು ಒಬ್ಬರೇ ಆದರೆ ಕೊಲ್ಲುವುದರಲ್ಲಿ ಅರ್ಥವೇ ಇಲ್ಲ. ಡೈಸ್ ಹಾಕಿದರೆ ಬದುಕುವ ಸಾಧ್ಯತೆ ಅರ್ಧ, ಕೆಟ್ಟರೂ ಸಾಯುವುದು ಅವರೊಬ್ಬರೇ. ಇಬ್ಬರಿದ್ದು ಇಬ್ಬರೂ ಡೈಸ್ ಹಾಕುತ್ತಾ ಹೋದರೆ ಸರಾಸರಿ ಸಾವು ಮುಕ್ಕಾಲು. ಮೂವರಾದರೆ ಎಂಟನೇ ಏಳು ಭಾಗ. ಎಷ್ಟೇ ಜನ ಇರಲಿ, ಒಂದನ್ನು ಮುಟ್ಟುವುದಿಲ್ಲ. ಕೊಂದರೆ ಮಾತ್ರ ಖಚಿತವಾಗಿ ಒಂದು ಸಾವು. ಅಂದರೆ ಸರಾಸರಿಯ ಪ್ರಕಾರ ಡೈಸ್ ಹಾಕುವುದೇ ಲಾಭ.

ಹಾಗಾದರೆ ತ್ಯಾಗ ಯಾವಾಗ ಸರಿ? ಮನೋಬಲ ತಳ ಹಿಡಿದಾಗ. ಮೊದಲ ಸಾವಿನ ನಂತರ ಮನೋಬಲ ಎರಡು ಉಳಿದಿದೆ, ಜಾಗದಲ್ಲಿ ಮೂವರಿದ್ದಾರೆ ಎನ್ನಿ. ಒಬ್ಬರು ಪ್ರಾಣ ಕೊಟ್ಟರೆ ಮನೋಬಲ ಒಂದಕ್ಕೆ ಇಳಿಯುತ್ತದೆ, ಆಟ ಖಂಡಿತ ಉಳಿಯಿತು. ಡೈಸ್ ಹಾಕಿದರೆ ನಾಲ್ಕರಲ್ಲಿ ಒಂದು ಪಾಲು ಇಬ್ಬರಾದರೂ ಸತ್ತು ಅಲ್ಲಿಗೇ ಸೋಲು. ಇನ್ನೊಂದೇ ಸುತ್ತಿನಲ್ಲಿ ಗೆಲುವು ಕೈಗೆ ಸಿಗುವ ಹಾಗಿದ್ದರೆ ಆ ಅಪಾಯ ಬೇಡ, ಕೊಡಿ ಪ್ರಾಣ. ಮನೋಬಲ ಐದೋ ಆರೋ ಇದ್ದರೆ ಡೈಸ್ ಹಾಕಿ.

ಇನ್ನೊಂದು ಗಂಟೂ ಉಂಟು. ಈ ಆಟ ಪೂರ್ತಿ ಸಹಕಾರಿ ಅಲ್ಲ. ಒಬ್ಬೊಬ್ಬರಿಗೂ ಗುಟ್ಟಿನ ಗುರಿ ಇರುತ್ತದೆ, ನಡುವೆ ಒಬ್ಬ ದ್ರೋಹಿ ಇರಬಹುದು. ಮನೋಬಲ ಬೀಳುವುದು ದ್ರೋಹಿಗೆ ಹಬ್ಬ. ಹಾಗಾಗಿ ತೀರಾ ಸುಲಭವಾಗಿ "ನನ್ನವನು ಹೋಗಲಿ" ಎನ್ನುವವರ ಮೇಲೆ ಅನುಮಾನ ಬರುವುದು ಸಹಜ. ಅನುಮಾನ ಪಡಿ, ಕೇಳಿ, ಮತ ಹಾಕಿ. ಅದು ಆಟದ ಭಾಗ. ಆದರೆ ಅವಸರ ಬೇಡ: ದ್ರೋಹಿಯಲ್ಲದ ಇಬ್ಬರನ್ನು ಗಡೀಪಾರು ಮಾಡಿದರೆ ಮನೋಬಲ ನೇರ ಸೊನ್ನೆ. ಅನುಮಾನ ಪಾತ್ರದ ನಡೆಯ ಮೇಲಿರಲಿ. "ನೀನು ಯಾವಾಗ್ಲೂ ಹೀಗೇ" ಎಂಬ ಮಾತು ಬಂದರೆ ಅದು ಆಟದ ಹೊರಗಿನದ್ದು.

ಹಂತ 8: ನಿಯಮದ ವಾದ ಶುರುವಾದರೆ

ಮೊದಲು ಕಾರ್ಡಿನ ಮೇಲೆ ಬರೆದದ್ದು, ಆಮೇಲೆ ಮಿಷನ್ ಹಾಳೆ, ಆಮೇಲೆ ರೂಲ್‌ಬುಕ್, ಅದರ ನಂತರ ಆಟದ ತಯಾರಕರು ಕೊಟ್ಟ ಪ್ರಶ್ನೋತ್ತರ. ಈ ಸಾಲಿನಲ್ಲೇ ಹುಡುಕಿ. ಹುಡುಕಲು ಮೂರು ನಿಮಿಷ. ಸಿಗದಿದ್ದರೆ ಡೈಸ್ ಹಾಕಿ ಒಂದು ಕಡೆ ತೀರ್ಮಾನಿಸಿ. ಆ ದಿನದ ಮಟ್ಟಿಗೆ ಅದೇ ನಿಯಮ. ಮನೆಗೆ ಹೋಗಿ ಸರಿಯಾದ್ದನ್ನು ಹುಡುಕಿ ಗುಂಪಿಗೆ ಕಳಿಸಿ.

ವಾದ ಮಾಡುವುದರಲ್ಲಿ ತಪ್ಪೇನಿಲ್ಲ. ನಮ್ಮ ಊರಿನವರು ತಾಳಮದ್ದಲೆಯಲ್ಲಿ ರಾತ್ರಿ ಪೂರ್ತಿ ಕೃಷ್ಣನ ಪರ, ಕರ್ಣನ ಪರ ವಾದ ಕೇಳಿ ಬೆಳೆದವರು. ಅಲ್ಲಿ ಅರ್ಥಧಾರಿಗಳು ಎಷ್ಟು ಜಟಾಪಟಿ ಮಾಡಿದರೂ ಪ್ರಸಂಗದ ಪದ್ಯ ಮುಂದೆ ಹೋಗುತ್ತದೆ. ಭಾಗವತರು ತಾಳ ತಟ್ಟಿದರೆ ಮಾತು ನಿಲ್ಲಬೇಕು. ಮೇಜಿಗೂ ಅಂಥ ಒಬ್ಬರು ಬೇಕು. ಡಬ್ಬದ ಒಡೆಯರೇ ಅದಾಗಬೇಕೆಂದಿಲ್ಲ. ಆ ತಕರಾರಿನಲ್ಲಿ ಯಾರ ಪಾತ್ರ ಸಾಯುವುದಿಲ್ಲವೋ ಅವರಾಗಲಿ.

ಒಂದು ಮುಖ್ಯ ಶಿಸ್ತು: ನಿಯಮ ಗೊತ್ತಾದ ಮೇಲೆ ತ್ಯಾಗ ಹಿಂತೆಗೆದುಕೊಳ್ಳಲು ಅವಕಾಶ ಕೊಡಿ. ಎರಡು ಗಾಯಕ್ಕೆ ಸಾವು ಎಂದು ತಿಳಿದು ಒಬ್ಬರು ಪ್ರಾಣ ಕೊಟ್ಟಿದ್ದಾರೆ, ನೋಡಿದರೆ ಮೂರು. ಆಗ ಆ ನಡೆಯನ್ನು ವಾಪಸ್ ತೆಗೆಯಲಿ. ಡೈಸ್ ಬಿದ್ದ ಮೇಲೆ ಫಲ ಇಷ್ಟವಾಗಲಿಲ್ಲ ಎಂದು ವಾಪಸ್ ಕೇಳಿದರೆ ಮಾತ್ರ ಕೊಡಬೇಡಿ.

ಹಂತ 9: ಸತ್ತವರ ಪಾಲಿನ ಕೆಲಸ

ಡೆಡ್ ಆಫ್ ವಿಂಟರ್‌ನಲ್ಲಿ ಎಲ್ಲ ಪಾತ್ರ ಹೋದರೂ ಹೊಸದೊಂದು ಸಿಗುತ್ತದೆ, ಕೈಯಲ್ಲಿದ್ದ ಕಾರ್ಡು ಮಾತ್ರ ಹೋಗುತ್ತದೆ. ಜೋಂಬಿಸೈಡ್‌ನಲ್ಲಿ ಹಾಗಿಲ್ಲ. ಆರು ಪಾತ್ರವನ್ನು ಮೂವರೇ ಹಂಚಿಕೊಂಡು ಆಡುವುದು ಒಳ್ಳೆಯದು, ಒಂದು ಸತ್ತರೂ ಇನ್ನೊಂದು ಕೈಯಲ್ಲಿರುತ್ತದೆ. ಆರು ಜನ ಇದ್ದೇ ಇದ್ದರೆ ಸತ್ತವರಿಗೆ ಜೋಂಬಿಗಳನ್ನು ವಹಿಸಿ. ಕಾರ್ಡು ತೆಗೆಯುವುದು, ಬೊಂಬೆ ಇಡುವುದು, ನಡೆಸುವುದು ಎಲ್ಲ ಅವರೇ. ಎರಡು ದಾರಿ ಸಮ ಇದ್ದಾಗ ಜೋಂಬಿ ಯಾವ ಕಡೆ ಹೋಗಬೇಕು ಎಂಬ ಆಯ್ಕೆಯನ್ನೂ ಅವರಿಗೇ ಬಿಡಬಹುದು. ಇದು ಮನೆಯ ನಿಯಮ, ಪುಸ್ತಕದ್ದಲ್ಲ, ಆದ್ದರಿಂದ ಹಂತ 3ರಲ್ಲೇ ಹೇಳಿಕೊಳ್ಳಿ.

ಸಲಹೆ ಕೊಡುವ ಹಕ್ಕು ಸತ್ತವರಿಗೆ ಇರಬೇಕೇ? ಇರಲಿ ಎನ್ನುತ್ತೇನೆ. ಪ್ರಾಣ ಕೊಟ್ಟವರ ಬಾಯಿಯನ್ನೂ ಕಟ್ಟುವುದು ಅನ್ಯಾಯ. ಆದರೆ ಪ್ರತಿ ಸುತ್ತಿನಲ್ಲೂ "ನಾನು ಸತ್ತದ್ದು ಇದಕ್ಕಾ?" ಎಂದು ಕೇಳುವವರು ಉಂಟಲ್ಲ, ಅವರಿಗೆ ಗೋಳಿಬಜೆ ಬಿಸಿ ಮಾಡುವ ಕೆಲಸ ಕೊಡಿ.

ಯಾವಾಗಲೂ ತಾನೇ ಸಾಯಲು ಮುಂದೆ ಬರುವವರನ್ನೂ ಗಮನಿಸಿ. ಕೆಲವರಿಗೆ ಆಟ ಬೇಸರವಾಗಿರುತ್ತದೆ, ಹೇಳಲು ಸಂಕೋಚ. ಅವರಿಗೆ ಬೇಕಾದ್ದು ಬೇರೆ ಆಟ.

ಹಂತ 10: ಮಕ್ಕಳು ಕೂತಾಗ

ಏಳೆಂಟು ವರ್ಷದ ಮಕ್ಕಳ ಎದುರು ತ್ಯಾಗದ ನಿಯಮಗಳನ್ನೆಲ್ಲ ಬಿಟ್ಟುಬಿಡಿ. ಅವರ ಪಾತ್ರ ಅವರದೇ ಹೆಸರಿನಲ್ಲಿ ಓಡಾಡುತ್ತಿರುತ್ತದೆ. "ಪುಟ್ಟಾ, ನೀನು ಸತ್ತರೆ ಮಾಮ ಗೆಲ್ತಾರೆ" ಎಂದು ಹೇಳುವ ಮನೆಯಲ್ಲಿ ಆ ಮಗು ಮತ್ತೆ ಆಟಕ್ಕೆ ಕೂರುವುದಿಲ್ಲ. ಅವರಿಗಾಗಿ ಜೋಂಬಿ ಕಿಡ್ಸ್ ಎವೊಲ್ಯೂಶನ್ (2018) ಇದೆ. ಯಾರೂ ಸಾಯುವುದಿಲ್ಲ. ಎಂಟು ಜೋಂಬಿಗಳು ಶಾಲೆ ತುಂಬುವ ಮೊದಲು ನಾಲ್ಕು ಗೇಟಿಗೆ ಬೀಗ ಹಾಕಬೇಕು. ಬೀಗ ಹಾಕಲು ಇಬ್ಬರು ಒಂದೇ ಗೇಟಿಗೆ ಬಂದು ಕೈಗೆ ಕೈ ತಟ್ಟಬೇಕು. ಮಕ್ಕಳು ಆಟಕ್ಕಿಂತ ಆ ಕೈ ತಟ್ಟುವುದಕ್ಕೇ ಕಾಯುತ್ತಿರುತ್ತಾರೆ.

ಇನ್ನು ಡಬ್ಬ ಕಟ್ಟುವ ಹೊತ್ತು. ಹಂತ 3ರ ನಾಲ್ಕು ತೀರ್ಮಾನ, ಅಂದು ಡೈಸ್ ಹಾಕಿ ಇತ್ಯರ್ಥ ಮಾಡಿದ ನಿಯಮಗಳು, ದಿನಾಂಕ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಒಳಗೆ ಹಾಕಿ. ಪೆನ್ಸಿಲ್‌ನಲ್ಲಿ ಬರೆಯಿರಿ, ನಮ್ಮ ಮಳೆಗಾಲದ ತೇವಕ್ಕೆ ಜೆಲ್ ಪೆನ್ನಿನ ಶಾಯಿ ಹರಡುತ್ತದೆ. ಕಾರ್ಡುಗಳಿಗೆ ಪ್ಲಾಸ್ಟಿಕ್ ಕವರ್ ಹಾಕಿ, ಶೂ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎರಡು ಒಳಗಿಡಿ. ಉಬ್ಬಿದ ಕಾರ್ಡನ್ನು ದೂರದಿಂದಲೇ ಗುರುತಿಸುವ ಕಣ್ಣುಗಳು ಮೇಜಿನ ಸುತ್ತ ಇದ್ದೇ ಇರುತ್ತವೆ, ಆಗ ಶುರುವಾಗುವ ತಕರಾರು ತ್ಯಾಗದ್ದಲ್ಲ, ಬೇರೆಯದೇ.